‘ನೀರು ಬಿಟ್ಟಾರಂತೆ!’ – ಆದೋನಿಯ ಬೇಸಿಗೆ ಮತ್ತು ನಮ್ಮ ಪಾಲಿನ ಕೆಲಸ



ಏಪ್ರಿಲ್ ತಿಂಗಳು ಬಂತೆಂದರೆ ಆದೋನಿಯ ಓಣಿಗಳಲ್ಲಿ ಕೋಳಿಗಿಂತ ಮೊದಲು ಏಳುವುದು ಕೊಡಗಳು. ಬೆಳಗಿನ ಜಾವ ನಾಲ್ಕು ಗಂಟೆಗೆ ಯಾರೋ ಒಬ್ಬರು ಬಾಗಿಲಾಚೆಯಿಂದ ‘ನೀಳ್ಳು ವದಿಲಾರಂಟ’ ಎಂದು ತೆಲುಗಿನಲ್ಲಿ ಕೂಗುತ್ತಾರೆ. ಎದುರು ಮನೆಯಿಂದ ‘ನೀರು ಬಿಟ್ಟಾರಂತೆ!’ ಎಂದು ಕನ್ನಡದಲ್ಲಿ ಮರುದನಿ ಬರುತ್ತದೆ. ಅಷ್ಟೇ ಸಾಕು. ಪ್ಲಾಸ್ಟಿಕ್ ಕೊಡ, ಸ್ಟೀಲ್ ಬಿಂದಿಗೆ, ಬಕೆಟ್ಟು, ಬಣ್ಣದ ಖಾಲಿ ಡಬ್ಬಿ ಎಲ್ಲವೂ ನಲ್ಲಿಯ ಮುಂದೆ ಸಾಲುಗಟ್ಟುತ್ತವೆ. ನಮ್ಮ ಬೆಳಗಿನ ಪೂಜೆಗೆ ಬರುವವರ ಸಂಖ್ಯೆ ನೀರು ಬಿಡುವ ದಿನ ಅರ್ಧಕ್ಕೆ ಇಳಿಯುತ್ತದೆ. ಮೊದಮೊದಲು ನಮಗೆ ಇದರಿಂದ ಬೇಸರವಾಗುತ್ತಿತ್ತು. ಈಗ ಆಗುವುದಿಲ್ಲ. ದಿನ ಬಿಟ್ಟು ದಿನ, ಕೆಲವೊಮ್ಮೆ ಇನ್ನೂ ತಡವಾಗಿ, ಒಂದು ಗಂಟೆ ಬರುವ ನೀರನ್ನು ಬಿಟ್ಟು ಬಾ ಎಂದು ಯಾವ ತಾಯಿಗೆ ಹೇಳಲಾದೀತು?

ಈ ಬೇಸಿಗೆಯಲ್ಲಿ ಮುನಿಸಿಪಾಲಿಟಿ ಮಾಡಬೇಕಾದದ್ದೇನು, ನಾವು ಮಾಡಬೇಕಾದದ್ದೇನು ಎಂದು ನಾಲ್ಕು ಮಾತು ಬರೆಯಬೇಕೆಂದು ಕುಳಿತಿದ್ದೇವೆ. ಮೊದಲಿಗೆ ಈ ನೀರು ಎಲ್ಲಿಂದ ಬರುತ್ತದೆ ಎಂದು ತಿಳಿಯುವುದು ಒಳ್ಳೆಯದು. ನಲ್ಲಿ ತಿರುಗಿಸುವ ನಮ್ಮಲ್ಲಿ ಎಷ್ಟೋ ಜನಕ್ಕೆ ಅದೇ ಗೊತ್ತಿಲ್ಲ.

ಆದೋನಿ ಹಿರಿಯರ ಬಾಯಲ್ಲಿ ಇಂದಿಗೂ ಆದವಾನಿಯೇ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟುವವರೆಗೆ ಇದು ಬಳ್ಳಾರಿ ಜಿಲ್ಲೆಯ ಒಂದು ತಾಲ್ಲೂಕು. ಅಂದು ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು, ಬಳ್ಳಾರಿ ಮತ್ತಿತರ ತಾಲ್ಲೂಕುಗಳು ಮೈಸೂರಿಗೆ ಸೇರಿದವು. ಕೋಸಿಗಿ, ಕೌತಾಳಂ, ಹೊಳಗುಂದ, ಹಾಲಹರ್ವಿ ಕಡೆ ಇಂದಿಗೂ ಕನ್ನಡ ಶಾಲೆಗಳಿರುವುದು, ನಮ್ಮ ಈ ಪತ್ರಿಕೆಗೆ ಇಲ್ಲಿ ಓದುಗರಿರುವುದು ಇದೇ ಕಾರಣಕ್ಕೆ. ನಕ್ಷೆಯಲ್ಲಿ ಗೆರೆ ಎಳೆದರೂ ನೀರಿನ ನಂಟು ಮಾತ್ರ ಕಡಿಯಲಿಲ್ಲ. 1945ರಲ್ಲಿ ಅಡಿಗಲ್ಲು ಹಾಕಿದ ತುಂಗಭದ್ರಾ ಅಣೆಕಟ್ಟಿನಿಂದ ಅದೇ 1953ರಲ್ಲಿ ಕಾಲುವೆಗಳಿಗೆ ನೀರು ಬಿಟ್ಟರು. ಹೊಸಪೇಟೆಯ ಬಳಿ ಬಲದಂಡೆಯಿಂದ ಹೊರಡುವ ಕೆಳಮಟ್ಟದ ಕಾಲುವೆ ಬಳ್ಳಾರಿ ಸೀಮೆಯ ಭತ್ತದ ಗದ್ದೆಗಳನ್ನು ದಾಟಿ ನಮ್ಮ ಕಡೆ ಬರುತ್ತದೆ. ಕೊನೆ ಮುಟ್ಟುವಷ್ಟರಲ್ಲಿ ಅದರ ಹಾದಿ 300 ಕಿಲೋಮೀಟರಿಗೂ ಮಿಕ್ಕಿದ್ದು. ಇಲ್ಲಿ ಎಲ್ಲರೂ ಅದನ್ನು ಎಲ್ಲೆಲ್ಸಿ ಎಂದೇ ಕರೆಯುತ್ತಾರೆ. ಅದರಿಂದ ಬಸಾಪುರದ ದೊಡ್ಡ ಕೆರೆಯನ್ನು ತುಂಬಿಸಿಕೊಂಡು, ಕಾಲುವೆ ನಿಂತ ಮೇಲೆ ಬೇಸಿಗೆಯುದ್ದಕ್ಕೂ ಊರಿಗೆ ಕೊಡಬೇಕು. ಊರ ಕುಡಿಯುವ ನೀರಿನ ಗಂಟು ಇದೇ. ಆದೋನಿ ಕೋಟೆಯ ಬೆಟ್ಟದ ಅರ್ಧದಲ್ಲಿರುವ ಕೆರೆ ಬತ್ತುವುದೇ ಇಲ್ಲವೆಂದು ಬ್ರಿಟಿಷರ ಕಾಲದ ಗೆಜೆಟಿಯರ್ ಬರೆದಿದೆ. ಆದರೆ ಆ ಕೆರೆಯ ಊರು ಬೇರೆ, ಹತ್ತಿ ಗಿರಣಿ, ಎಣ್ಣೆ ಗಿರಣಿಗಳ ಇಂದಿನ ಊರು ಬೇರೆ.

ಈಗ ಒಂದು ಸಣ್ಣ ಲೆಕ್ಕ ನೋಡೋಣ. ಒಳಚರಂಡಿ ಇರುವ ಪಟ್ಟಣದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ನೀರು ಕೊಡಬೇಕೆಂದು ಕೇಂದ್ರ ಸರ್ಕಾರದ ಕೈಪಿಡಿ ಹೇಳುತ್ತದೆ. 2011ರ ಜನಗಣತಿಯಲ್ಲಿ ಸುತ್ತಲ ಬಡಾವಣೆಗಳೂ ಸೇರಿ ಆದೋನಿಯ ಜನಸಂಖ್ಯೆ ಸುಮಾರು 1.84 ಲಕ್ಷ. ಅಷ್ಟೂ ಜನಕ್ಕೆ ಪೂರಾ 135 ಲೀಟರ್ ಕೊಟ್ಟರೂ ವರ್ಷಕ್ಕೆ ಬೇಕಾಗುವುದು ಒಂದು ಟಿಎಂಸಿಯ ಮೂರನೇ ಒಂದು ಪಾಲು ಮಾತ್ರ. ಕೆಳಮಟ್ಟದ ಕಾಲುವೆಯಲ್ಲಿ ಆಂಧ್ರಕ್ಕೆಂದು ಹಂಚಿಕೆಯಾದ ನೀರು 24 ಟಿಎಂಸಿ! ಜನ ಈಗ ಹೆಚ್ಚಿದ್ದಾರೆ, ನಿಜ. ಲೆಕ್ಕವನ್ನು ದುಪ್ಪಟ್ಟು ಮಾಡಿದರೂ ಅದು ಒಂದು ಟಿಎಂಸಿ ಆಗುವುದಿಲ್ಲ. ಅಂದ ಮೇಲೆ ಕೊರತೆ ನದಿಯಲ್ಲಿಲ್ಲ. ನೀರು ದಾರಿಯಲ್ಲಿ ಹೇಗೆ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಯಾರ ಮನೆಗೆ ಎಷ್ಟು ಹೋಗುತ್ತದೆ ಎಂಬುದರಲ್ಲಿ ಕೊರತೆಯಿದೆ.

ಅಣೆಕಟ್ಟಿನ ಕಡೆಯ ಸುದ್ದಿಯೂ ಅಷ್ಟು ಸಮಾಧಾನದ್ದಲ್ಲ. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋದದ್ದನ್ನು ಯಾರೂ ಮರೆತಿಲ್ಲ. ಆ ವಾರ ನಮ್ಮ ಕಡೆ ಚಹದ ಅಂಗಡಿಗಳಲ್ಲಿ ಬೇರೆ ಮಾತೇ ಇರಲಿಲ್ಲ. ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸುವ ಹೊತ್ತಿಗೆ ಹತ್ತಾರು ಟಿಎಂಸಿ ನೀರು ಹೊರಗೆ ಹೋಗಿತ್ತು. ದೇವರ ದಯೆಯಿಂದ ಮಳೆ ಮತ್ತೆ ಬಂದು ಅಣೆಕಟ್ಟು ತುಂಬಿತು. ಆದರೆ 2025ರಲ್ಲಿ ಗೇಟುಗಳ ಬಲ ನೋಡಿಕೊಂಡು ಸುಮಾರು 80 ಟಿಎಂಸಿಗಷ್ಟೇ ನೀರು ನಿಲ್ಲಿಸಬೇಕಾಯಿತು. ಹೊಸ ಗೇಟು ಕೂರಿಸುವ ಕೆಲಸಕ್ಕಾಗಿ ಎರಡನೇ ಬೆಳೆಗೆ ನೀರಿಲ್ಲ ಎಂಬ ತೀರ್ಮಾನವೂ ಬಂತು. ಅಣೆಕಟ್ಟಿನಲ್ಲಿ ಒಂದು ಸರಪಳಿ ತುಂಡಾದರೆ ಆದೋನಿಯ ಅಡುಗೆಮನೆಗೆ ಅದರ ಸದ್ದು ಕೇಳಿಸುತ್ತದೆ.

ಬಾಲದ ತುದಿಯವರು

ಕಾಲುವೆಯ ಕೊನೆಯಲ್ಲಿರುವವರ ಗೋಳನ್ನು ಇಲ್ಲಿಯ ರೈತರು ಚೆನ್ನಾಗಿ ಬಲ್ಲರು. ‘ಮ್ಯಾಲಿನೋರು ಪಂಪ್ ಹಚ್ಚಿ ಎಳಕಂತಾರ್ರೀ, ನಮ್ಮ ಪಾಲಿಗೆ ಕೆಸರು’ ಎಂಬ ಮಾತು ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ. ಕಾಲುವೆಯ ದಂಡೆಗುಂಟ ಅನುಮತಿಯಿಲ್ಲದೆ ಪೈಪು ಇಳಿಸಿ ನೀರೆತ್ತುವುದು, ಅದನ್ನು ತಡೆಯಲು ಅಧಿಕಾರಿಗಳು ಪೊಲೀಸರೊಂದಿಗೆ ಗಸ್ತು ತಿರುಗುವುದು ಪ್ರತಿ ವರ್ಷದ ಕಥೆ. ಈ ದೂರಿನಲ್ಲಿ ನ್ಯಾಯವಿದೆ. ಮೇಲಿನವನು ತನ್ನ ಪಾಲಿಗಿಂತ ಹೆಚ್ಚು ಎಳೆದರೆ ಕೆಳಗಿನವನ ಬೆಳೆ ಒಣಗುತ್ತದೆ. ಇದರಲ್ಲಿ ತರ್ಕ ಮಾಡಬೇಕಾದ್ದೇನೂ ಇಲ್ಲ.

ಇಲ್ಲಿ ನಾವು ಒಂದು ಸಂಗತಿಯನ್ನು ಒಪ್ಪಿಕೊಳ್ಳಬೇಕು. ನಾವು ಈ ಸೀಮೆಗೆ ಬಂದ ಮೊದಲ ಬೇಸಿಗೆಯಲ್ಲಿ ನಮಗೆ ನೀರಿನ ಕಷ್ಟವೇ ತಿಳಿಯಲಿಲ್ಲ. ನೀರು ಬಿಟ್ಟ ದಿನ ತೊಟ್ಟಿ ತುಂಬುತ್ತಿತ್ತು, ಮೇಲಿನ ಟ್ಯಾಂಕೂ ತುಂಬುತ್ತಿತ್ತು, ಗಿಡಗಳಿಗೂ ಒಂದಿಷ್ಟು ಹೋಗುತ್ತಿತ್ತು. ‘ಈ ಊರಲ್ಲಿ ನೀರಿಲ್ಲ ಎನ್ನುತ್ತಾರಲ್ಲ, ಎಲ್ಲಿದೆ ಕೊರತೆ?’ ಎಂದು ಸ್ನೇಹಿತರೊಬ್ಬರಿಗೆ ಫೋನಿನಲ್ಲಿ ಹೇಳಿದ್ದೂ ಉಂಟು. ಒಂದು ಮುಂಜಾನೆ ಕೆಳಗಿನ ಓಣಿಯ ಅಜ್ಜಿಯೊಬ್ಬರು ಖಾಲಿ ಕೊಡ ಹಿಡಿದು ಅಂಗಳಕ್ಕೆ ಬಂದರು. ಬೈಯಲಿಲ್ಲ. ‘ಫಾದರ್, ನಿಮ್ಮನ್ಯಾಗ ಮೋಟಾರ್ ಹಚ್ಚಿದ್ರ ನಮ್ಮ ನಳದಾಗ ಬರೇ ಗಾಳಿ ಬರ್ತೈತ್ರಿ. ಬಂದ್ ಮಾಡಿದ್ಮ್ಯಾಗ ಒಂದು ಕೊಡ ಹಿಡಕೊಂಡು ಹೋಗ್ತೀನಿ, ಇಲ್ಲೇ ಕುಂದರ್ಲಾ?’ ಎಂದು ಕೇಳಿದರು.

ನಲ್ಲಿಯ ಪೈಪಿಗೆ ನೇರವಾಗಿ ಜೋಡಿಸಿದ ಅರ್ಧ ಎಚ್‌ಪಿ ಮೋಟಾರು ನಮ್ಮ ಗೋಡೆಯ ಹಿಂದೆ ಇತ್ತು. ನಾವು ಬರುವ ಮೊದಲೇ ಅಲ್ಲಿತ್ತು ಎಂದು ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಸ್ವಿಚ್ಚು ಹಾಕುತ್ತಿದ್ದದ್ದು ನಮ್ಮ ಕೈಯೇ. ಕಾಲುವೆಯ ಮೇಲಿನ ರೈತನನ್ನು ಕಳ್ಳ ಎಂದ ನಾವು ನಮ್ಮ ಓಣಿಯಲ್ಲಿ ಮೇಲಿನವರಾಗಿದ್ದೆವು. ಇಷ್ಟೇ ವ್ಯತ್ಯಾಸ, ಅವನ ಪಂಪು ದೊಡ್ಡದು, ನಮ್ಮದು ಚಿಕ್ಕದು.

ಮೋಟಾರಿನ ಪಾಪ ಬರೀ ಹಂಚಿಕೆಯದ್ದಲ್ಲ, ಆರೋಗ್ಯದ್ದೂ ಹೌದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಪ್ಪತ್ತನಾಲ್ಕು ಗಂಟೆ ನೀರು ತುಂಬಿ ಹರಿಯುವ ಪೈಪಿನಲ್ಲಿ ಬಿರುಕು ಇದ್ದರೆ ಒಳಗಿನ ನೀರು ಹೊರಗೆ ಸೋರುತ್ತದೆ. ಹೊರಗಿನ ಹೊಲಸು ಒಳಗೆ ಬರುವುದು ಕಷ್ಟ. ಆದರೆ ನಮ್ಮಲ್ಲಿ ಪೈಪು ದಿನದ ಬಹುಪಾಲು ಖಾಲಿ. ನೀರು ನಿಂತಾಗ ಒಳಗಿನ ಒತ್ತಡ ಇಳಿಯುತ್ತದೆ, ಪಕ್ಕದ ಚರಂಡಿಯ ಕೊಳಚೆ ಬಿರುಕಿನ ಮೂಲಕ ಮೆಲ್ಲನೆ ಒಳಕ್ಕೆ ಇಳಿಯುತ್ತದೆ. ಇದರ ಮೇಲೆ ಮೋಟಾರು ಹಚ್ಚಿದರೆ ಅದು ನೀರನ್ನಷ್ಟೇ ಎಳೆಯುವುದಿಲ್ಲ, ಬಿರುಕಿನ ಸುತ್ತಲಿನ ಕೊಳಚೆಯನ್ನೂ ಎಳೆಯುತ್ತದೆ. ನಲ್ಲಿಯನ್ನು ತಗ್ಗಿಗೆ ಇಳಿಸಬೇಕೆಂದು ಮನೆಯ ಮುಂದೆ ಗುಂಡಿ ತೋಡಿ, ಆ ಗುಂಡಿಯಲ್ಲಿ ಪಾತ್ರೆ ತೊಳೆದ ನೀರು ನಿಂತು, ಅದರಲ್ಲೇ ನಲ್ಲಿಯ ಬಾಯಿ ಮುಳುಗಿರುವುದನ್ನು ನಾವೆಲ್ಲ ನೋಡಿದ್ದೇವೆ. ನೀರು ನಿಂತ ಕೂಡಲೇ ಆ ಬಾಯಿ ಗುಂಡಿಯ ನೀರನ್ನು ಹಿಂದಕ್ಕೆ ಕುಡಿಯುತ್ತದೆ. ಮುಂದಿನ ಸಲ ನೀರು ಬಂದಾಗ ಅದು ಯಾರ ಕೊಡಕ್ಕೆ ಬೀಳುತ್ತದೆ?

ಇದು ಹೆದರಿಸಲು ಹೇಳುವ ಮಾತಲ್ಲ. 2021ರ ಏಪ್ರಿಲ್‌ನಲ್ಲಿ ನಮ್ಮ ಆದೋನಿಯ ಅರುಣಜ್ಯೋತಿ ನಗರದಲ್ಲಿ, ಅದೇ ದಿನಗಳಲ್ಲಿ ಪಾಣ್ಯಂ ಮಂಡಲದ ಗೋರುಕಲ್ಲಿನಲ್ಲಿ ವಾಂತಿಭೇದಿ ಹರಡಿ ಹತ್ತಾರು ಜನ ಆಸ್ಪತ್ರೆ ಸೇರಿದರು, ಸಾವುಗಳೂ ಆದವು. ಸಂಶಯ ಹೋದದ್ದು ಕುಡಿಯುವ ನೀರಿನ ಮೇಲೆ. ಮರುವರ್ಷ, 2022ರ ಬೇಸಿಗೆಯ ಕೊನೆಗೆ, ನದಿಯಾಚೆಯ ರಾಯಚೂರಿನಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲೂ ಹೀಗೇ ಆಯಿತು. ಈ ನಾಲ್ಕೂ ಕಡೆ ಸಂಕಟಕ್ಕೆ ಸಿಕ್ಕವರು ದುಡಿದು ತಿನ್ನುವ ಜನ. ಕ್ಯಾನ್ ನೀರು ಕೊಳ್ಳುವ ಮನೆಗಳು ಬಹುಮಟ್ಟಿಗೆ ಪಾರಾಗುತ್ತವೆ. ನಲ್ಲಿ ನೀರನ್ನೇ ನಂಬಿದ ಮನೆ ಪಾರಾಗುವುದಿಲ್ಲ.

ಕೇಳುವ ಹಕ್ಕು

ನಿವಾಸಿಗಳ ಕರ್ತವ್ಯ ಎಂದೊಡನೆ ಆಡಳಿತದವರಿಗೆ ಖುಷಿಯಾಗಬಹುದು. ಎಲ್ಲ ತಪ್ಪನ್ನೂ ಜನರ ತಲೆಗೆ ಕಟ್ಟುವುದು ಸುಲಭ. ಹಾಗಾಗಬಾರದು. ಬಸಾಪುರದ ಕೆರೆಯನ್ನು ಕಾಲುವೆ ನಿಲ್ಲುವ ಮೊದಲೇ ತುಂಬಿಸಿಕೊಳ್ಳುವುದು ನಮ್ಮ ನಿಮ್ಮ ಕೈಯಲ್ಲಿಲ್ಲ. ಮೇ ತಿಂಗಳ ಬಿಸಿಲಿಗೆ ತೆರೆದ ಕೆರೆಯ ನೀರು ದಿನಕ್ಕೆ ಒಂದು ಸೆಂಟಿಮೀಟರಿನ ಆಸುಪಾಸು ಆವಿಯಾಗಿಯೇ ಹೋಗುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿದು ತುಂಬಿಸಬೇಕು. ಒಡೆದ ಪೈಪು ದುರಸ್ತಿ ಮಾಡುವುದು, ಮೇಲ್ತೊಟ್ಟಿಗಳನ್ನು ತೊಳೆಸಿ ತೊಳೆದ ದಿನಾಂಕವನ್ನು ತೊಟ್ಟಿಯ ಮೇಲೆಯೇ ಬರೆಸುವುದು, ಕೊನೆಯ ಮನೆಯ ನಲ್ಲಿಯಲ್ಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿಯುವಂತೆ ನೋಡಿಕೊಳ್ಳುವುದು, ಇವು ಮುನಿಸಿಪಾಲಿಟಿಯ ಕೆಲಸ. ಎಲ್ಲಕ್ಕಿಂತ ಮುಖ್ಯವಾಗಿ, ಯಾವ ಓಣಿಗೆ ಯಾವ ದಿನ ಎಷ್ಟು ಗಂಟೆಗೆ ನೀರು ಎಂದು ಮೊದಲೇ ಹೇಳಬೇಕು. ಬೇರೆ ಏನೂ ಮಾಡದೆ ಇದೊಂದನ್ನು ಮಾಡಿದರೂ ಎಷ್ಟೋ ಹೆಣ್ಣುಮಕ್ಕಳಿಗೆ ನಿದ್ದೆ ಸಿಗುತ್ತದೆ, ಎಷ್ಟೋ ಮಕ್ಕಳು ಪರೀಕ್ಷೆಯ ಬೆಳಿಗ್ಗೆ ಕೊಡ ಹಿಡಿದು ನಿಲ್ಲುವುದು ತಪ್ಪುತ್ತದೆ.

ಕೇಳಲು ದಾರಿಯೂ ಇದೆ. 2019ರಲ್ಲಿ ತೆರೆದ ವಾರ್ಡ್ ಸಚಿವಾಲಯಗಳಲ್ಲಿ ನೀರು, ಚರಂಡಿ, ಬೀದಿದೀಪಗಳನ್ನು ನೋಡಿಕೊಳ್ಳಲೆಂದೇ ಒಬ್ಬ ಕಾರ್ಯದರ್ಶಿಯ ಹುದ್ದೆ ಇಟ್ಟಿದ್ದಾರೆ. ಬಾಯಿಮಾತಿನ ದೂರು ಗಾಳಿಗೆ ಹೋಗುತ್ತದೆ. ಒಂದು ಹಾಳೆಯಲ್ಲಿ ಬರೆದು, ಹತ್ತು ಮನೆಯವರು ಸಹಿ ಹಾಕಿ, ರಸೀದಿ ಪಡೆದರೆ ಅದಕ್ಕೆ ತೂಕ ಬರುತ್ತದೆ. ಕನ್ನಡ ಮಾತ್ರ ಬರೆಯಬಲ್ಲ ಹಿರಿಯರು ಹಿಂಜರಿಯುವುದು ಬೇಡ, ತೆಲುಗು ಓದಿದ ನಮ್ಮ ಯುವಕ ಯುವತಿಯರು ಬರೆದುಕೊಡುತ್ತಾರೆ. ವಿದ್ಯುತ್ ಹೋದರೆ 1912ಕ್ಕೆ ಫೋನ್ ಮಾಡಿ. ನೀರೆತ್ತುವ ಕಡೆ ವಿದ್ಯುತ್ ಹೋದ ದಿನ ಊರಿನ ನೀರಿನ ಸರದಿಯೂ ತಪ್ಪುತ್ತದೆ ಎಂಬುದು ನೆನಪಿರಲಿ. ಹಾಗೆಯೇ, ನೀರಿನ ತೆರಿಗೆ ಬಾಕಿ ಇಟ್ಟುಕೊಂಡು, ರಾತ್ರೋರಾತ್ರಿ ಪೈಪಿಗೆ ತೂತು ಕೊರೆಸಿ ಸಂಪರ್ಕ ಪಡೆದು, ಆಮೇಲೆ ಸಚಿವಾಲಯದ ಮುಂದೆ ಗಟ್ಟಿ ದನಿಯಲ್ಲಿ ಮಾತಾಡಲು ಆಗುವುದಿಲ್ಲ.

ಬ್ಲೀಚಿಂಗ್ ವಾಸನೆ ಬಂತೆಂದು ನೀರು ಚೆಲ್ಲುವವರಿದ್ದಾರೆ. ದಯವಿಟ್ಟು ಚೆಲ್ಲಬೇಡಿ. ಆ ವಾಸನೆ ಇದ್ದರೆ ಔಷಧಿ ನಿಮ್ಮ ಮನೆಯವರೆಗೂ ತಲುಪಿದೆ ಎಂದರ್ಥ, ಸ್ವಲ್ಪ ಹೊತ್ತು ಬಿಟ್ಟರೆ ಹೋಗುತ್ತದೆ. ನೀರು ಬಂದಾಗ ಮೊದಲ ಒಂದೆರಡು ಬಕೆಟ್ಟನ್ನು ಬಟ್ಟೆಗೋ ಬಚ್ಚಲಿಗೋ ಇಟ್ಟು, ನಂತರದ್ದನ್ನು ಕುಡಿಯಲು ಹಿಡಿಯಿರಿ. ಬಣ್ಣ ಬದಲಾಗಿದ್ದರೆ ಕುದಿಸದೆ ಮಕ್ಕಳಿಗೆ ಕೊಡಬೇಡಿ. ಭೇದಿಯಾದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕಲಸಿ ಸ್ವಲ್ಪಸ್ವಲ್ಪವಾಗಿ ಕುಡಿಸುತ್ತ 108ಕ್ಕೆ ಫೋನ್ ಮಾಡಿ. ಇನ್ನು ತುಂಬಿಟ್ಟ ಡ್ರಮ್ಮು. ಡೆಂಗಿ ಸೊಳ್ಳೆ ಮೊಟ್ಟೆಯಿಡುವುದು ಚರಂಡಿಯಲ್ಲಲ್ಲ, ಇಂಥ ತಿಳಿನೀರಿನಲ್ಲಿ. ಏಳರಿಂದ ಹತ್ತು ದಿನದಲ್ಲಿ ಹಾರುವ ಸೊಳ್ಳೆಯಾಗುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಡ್ರಮ್ಮು, ತೊಟ್ಟಿ ಖಾಲಿ ಮಾಡಿ ಉಜ್ಜಿ ಒಣಗಿಸಬೇಕು. ಆರೋಗ್ಯ ಇಲಾಖೆಯವರು ಇದಕ್ಕೆ ಶುಕ್ರವಾರ ಎನ್ನುತ್ತಾರೆ. ನಮ್ಮವರಿಗೆ ಶುಕ್ರವಾರವನ್ನು ನೆನಪಿಡುವುದು ಕಷ್ಟವಾಗಲಾರದು!

ಬೀಗ ಬಿದ್ದ ಮನೆಗಳು

ಕನ್ನಡದಲ್ಲಿ ಸುಗ್ಗಿ ಎಂದರೆ ಕಣ ತುಂಬುವ ಸಂತೋಷ. ಆದರೆ ಪಶ್ಚಿಮ ಕರ್ನೂಲಿನ ಹಳ್ಳಿಗಳಲ್ಲಿ ‘ಸುಗ್ಗಿಗೆ ಹೋಗ್ಯಾರ’ ಎಂದರೆ ಮನೆಗೆ ಬೀಗ ಬಿದ್ದಿದೆ ಎಂದರ್ಥ. ಮುಂಗಾರಿನ ಬೆಳೆ ಮುಗಿದ ಮೇಲೆ ಕೋಸಿಗಿ, ಕೌತಾಳಂ, ಪೆದ್ದಕಡಬೂರು, ಹೊಳಗುಂದ ಕಡೆಯಿಂದ ಸಂಸಾರ ಸಂಸಾರವೇ ಗುಂಟೂರಿಗೆ ಹತ್ತಿ, ಮೆಣಸಿನಕಾಯಿ ಬಿಡಿಸಲು, ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೊರಡುತ್ತವೆ. ಮಕ್ಕಳೂ ಶಾಲೆ ಬಿಟ್ಟು ಜೊತೆಗೆ ಹೋಗುತ್ತಾರೆ. ಉಳಿಯುವವರು ಮುದುಕರು. ಭೇಟಿಗೆ ಹೋದಾಗ ನಾವು ಮೊದಲು ಕೇಳುವುದು ‘ಊಟ ಆಯ್ತಾ’ ಎಂದಲ್ಲ, ‘ನೀರು ಯಾರು ತಂದುಕೊಡ್ತಾರೆ?’ ಎಂದು. ಎಪ್ಪತ್ತು ದಾಟಿದವರು ಟ್ಯಾಂಕರಿನ ಹಿಂದೆ ಓಡಲಾಗದು. ಬಿಂದಿಗೆಯೊಂದು ಮೂಲೆಯಲ್ಲಿದ್ದರೂ ಮತ್ತೆ ಯಾರು ತುಂಬಿಸಿಕೊಡುತ್ತಾರೋ ಎಂಬ ಅಂಜಿಕೆಯಿಂದ ಗುಟುಕು ಗುಟುಕಾಗಿ ಕುಡಿಯುತ್ತಾರೆ. ಬಯಲು ಸೀಮೆಯಲ್ಲಿ ಉಷ್ಣಾಂಶ 40 ಡಿಗ್ರಿ ಮುಟ್ಟಿ, ಎಂದಿಗಿಂತ ನಾಲ್ಕೂವರೆ ಡಿಗ್ರಿ ಹೆಚ್ಚಾದರೆ, ಅಥವಾ ನೇರ 45 ತಲುಪಿದರೆ ಹವಾಮಾನ ಇಲಾಖೆ ಅದನ್ನು ಶಾಖದ ಅಲೆ ಎನ್ನುತ್ತದೆ. ಅಂಥ ದಿನ ಬಾಯಾರಿಕೆಯನ್ನು ಅದುಮಿಟ್ಟುಕೊಂಡ ವೃದ್ಧರು ಸದ್ದಿಲ್ಲದೆ ಕುಸಿಯುತ್ತಾರೆ. ಮಾರುಕಟ್ಟೆಯ ಯಾರ್ಡಿನಲ್ಲಿ ಮೂಟೆ ಹೊರುವ ಹಮಾಲಿಗಳಿಗಾದರೆ ಒಂದು ಮಡಕೆ ನೀರು, ಮಧ್ಯಾಹ್ನ ಮೂರು ತಾಸು ನೆರಳು ಬೇಕೆಂದು ಕೇಳಲು ಸಂಘವಾದರೂ ಇದೆ. ಬೀಗ ಬಿದ್ದ ಓಣಿಯ ಅಜ್ಜನಿಗೆ ಯಾವ ಸಂಘ?

ಪ್ರತಿ ಓಣಿಯಲ್ಲೂ ಇಂಥ ಮನೆ ಯಾವುದು ಎಂದು ನಮ್ಮ ಯುವಕ ಸಂಘದವರು ಒಂದು ಪಟ್ಟಿ ಮಾಡಿದ್ದಾರೆ. ನೀರು ಬಿಟ್ಟ ದಿನ ಆ ಮನೆಗೆ ಎರಡು ಕೊಡ ಮೊದಲು, ಆಮೇಲೆ ತಮ್ಮ ಮನೆಗೆ ಎಂದು ಮಾತಾಗಿದೆ. ಎರಡು ವಾರ ನಡೆದಿದೆ, ಮೂರನೇ ವಾರ ಕ್ರಿಕೆಟ್ ಪಂದ್ಯದ ದಿನ ತಪ್ಪಿತು. ಮತ್ತೆ ಶುರುವಾಗಿದೆ.

ಮೇ ತಿಂಗಳಲ್ಲಿ ಮದುವೆಗಳು ಸಾಲಾಗಿ ಬರುತ್ತಿವೆ. ಊಟದ ಎಲೆಯ ಪಕ್ಕ ಅರ್ಧ ಕುಡಿದು ಬಿಟ್ಟ ಬಾಟಲಿಗಳ ರಾಶಿ ನೋಡಿದಾಗ ಹೊಟ್ಟೆ ಉರಿಯುತ್ತದೆ. ಲೋಟದಲ್ಲಿ ಕೊಟ್ಟರೆ ಮರ್ಯಾದೆಗೆ ಕಡಿಮೆಯೇ? ಮದುವೆಯ ಮನೆಯವರು ಯೋಚಿಸಲಿ.

ಇನ್ನು ನಮ್ಮ ಮೋಟಾರಿನ ಕಥೆ. ಅಜ್ಜಿ ಬಂದು ಹೋದ ದಿನವೇ ಅದನ್ನು ಬಿಚ್ಚಿಸಿದೆವು. ಈಗ ನೀರು ತನ್ನ ಪಾಡಿಗೆ ಬಂದು ನೆಲಮಟ್ಟದ ತೊಟ್ಟಿಗೆ ಬೀಳುತ್ತದೆ, ಆ ತೊಟ್ಟಿಯಿಂದ ಮಾತ್ರ ಮೇಲಕ್ಕೆ ಏರಿಸುತ್ತೇವೆ. ಮೊದಲಿನಂತೆ ತುಂಬುವುದಿಲ್ಲ. ಗಿಡಗಳಲ್ಲಿ ನಾಲ್ಕು ಒಣಗಿದವು, ಉಳಿದವಕ್ಕೆ ಪಾತ್ರೆ ತೊಳೆದ ನೀರು ಹೋಗುತ್ತದೆ. ನಮ್ಮ ಓಣಿಯಲ್ಲಿ ಇನ್ನೂ ಮೂರು ಮನೆಯವರು ಬಿಚ್ಚಿದ್ದಾರೆ, ಇಬ್ಬರು ಬಿಚ್ಚಿಲ್ಲ. ಅವರ ಮನೆಯ ಗುಂಯ್ ಎನ್ನುವ ಸದ್ದು ಬೆಳಗಿನ ಜಾವ ನಮಗೂ ಕೇಳುತ್ತದೆ, ಅಜ್ಜಿಗೂ ಕೇಳುತ್ತದೆ. ಕಳೆದ ವಾರ ನಮ್ಮ ತೊಟ್ಟಿ ಅರ್ಧವೂ ತುಂಬದ ದಿನ ಅವರ ಮೊಮ್ಮಗ ಗೇಟಿನ ಬಳಿ ನಿಂತು ಕೇಳಿದ: ‘ಫಾದರ್, ನಮ್ಮನ್ಯಾಗ ಇವತ್ತು ಎಲ್ಲಾ ಕೊಡ ತುಂಬ್ಯಾವ. ಅಜ್ಜಿ ಕೇಳ್ಯಾಳ, ನಿಮಗ ಒಂದು ಕೊಡ ತಂದು ಕೊಡ್ಲಾ?’